ಮೂರನೇ ಗಂಟಿಗೆ ನಿಂತ ಹಾಡು: ಶಿಫಾರಸು ಯಂತ್ರ ಮಹಾಶಯರಿಗೆ ಒಂದು ಅಹವಾಲು

ಮಾನ್ಯ ಶಿಫಾರಸು ಯಂತ್ರ ಮಹಾಶಯರೇ,

ಹೊಳೆನರಸೀಪುರದ ತೆಂಗಿನಕಾಯಿ ಮಂಡಿಯ ಮಾಜಿ ವರ್ತಕನೂ, ಬಿ.ಎ. ಎರಡನೇ ವರ್ಷದವರೆಗೆ ಓದಿ ಇಂಗ್ಲಿಷ್ ಪ್ರಶ್ನೆಪತ್ರಿಕೆಯೊಂದಿಗೆ ಮನಸ್ತಾಪವಾಗಿ ಊರಿಗೆ ಮರಳಿದವನೂ ಆದ ಚಂದ್ರಯ್ಯನು, ಫೋನಿನೊಳಗೆ ಕಾಣದ ಜಾಗದಲ್ಲಿ ಕುಳಿತು ಹಗಲಿರುಳೂ ಪರರ ಕಿವಿಗಾಗಿ ದುಡಿಯುತ್ತಿರುವ ತಮಗೆ ಮಾಡುವ ಅನಂತ ನಮಸ್ಕಾರಗಳು. ತಾವು ಇಂಗ್ಲಿಷ್ ಬಲ್ಲವರೆಂದು ಕೇಳಿ ಮೊದಲು ಇಂಗ್ಲಿಷಿನಲ್ಲೇ ಬರೆಯಲು ಕುಳಿತೆ. 'ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್ ದಟ್' ಎಂಬಲ್ಲಿಯವರೆಗೆ ಸರಾಗವಾಗಿ ಹೋಯಿತು. ಅಲ್ಲಿಂದ ಮುಂದೆ ಕೈ ತಾನಾಗಿಯೇ 'ಐ ಆ್ಯಮ್ ಸಫರಿಂಗ್ ಫ್ರಂ ಫೀವರ್' ಎಂದು ಬರೆದುಬಿಟ್ಟಿತು. ನಮಗೆ ಬಾಯಿಪಾಠ ಮಾಡಿಸಿದ್ದು ರಜಾ ಅರ್ಜಿಯೊಂದನ್ನೇ. ಸದ್ಯ ನನಗೆ ಜ್ವರವಿಲ್ಲವಾದ್ದರಿಂದ ಕನ್ನಡಕ್ಕೇ ಬಂದಿದ್ದೇನೆ, ಮನ್ನಿಸಬೇಕು.

ಮೊದಲಿಗೆ ತಮ್ಮ ಔದಾರ್ಯವನ್ನು ಹೊಗಳದಿದ್ದರೆ ನಾಲಿಗೆಗೆ ದೋಷ ಬರುತ್ತದೆ. ನಮ್ಮ ಕಡೆ ಶಿಫಾರಸು ಎಂದರೆ ಸಾಮಾನ್ಯದ ಮಾತಲ್ಲ. ಕಾಲೇಜು ಸೀಟಿಗೋ ವರ್ಗಾವಣೆಗೋ ಬೇಕೆಂದರೆ ಬೆಳಗ್ಗೆ ಬೆಳಗ್ಗೆಯೇ ದೊಡ್ಡವರ ಮನೆಯ ಮುಂದೆ ಚಪ್ಪಲಿ ಬಿಟ್ಟು, ಬಾಳೆಗೊನೆಯನ್ನು ಕಾಣುವಂತೆಯೂ ಕಾಣದಂತೆಯೂ ಇಟ್ಟುಕೊಂಡು, ಅವರ ನಾಯಿಗೂ ನಮಸ್ಕಾರ ಹೇಳಿ ನಿಲ್ಲಬೇಕು. ತಾವೋ, ಕೇಳದವನಿಗೂ, ಬೇಡವೆಂದವನಿಗೂ, ಫೋನನ್ನು ಮಗುಚಿಟ್ಟು ಓಡಿಹೋದವನಿಗೂ ಶುಕ್ರವಾರ ಬಂತೆಂದರೆ ಹೊಸ ಹಾಡುಗಳ ಶಿಫಾರಸು ಮಾಡಿಯೇ ತೀರುತ್ತೀರಿ. ಇಂಥ ಕೊಡುಗೈ ನಮ್ಮ ಯಾವ ಜನಪ್ರತಿನಿಧಿಯಲ್ಲೂ ನಾನು ಕಂಡಿಲ್ಲ.

ನನ್ನ ಮಗಳು ಮೇಘಶ್ರೀ, ಚನ್ನರಾಯಪಟ್ಟಣದಲ್ಲಿ ಶಾಲಾ ಶಿಕ್ಷಕಿ, ಅಪ್ಪ ಒಬ್ಬನೇ ಕುಳಿತು ಗೋಡೆ ನೋಡುತ್ತಾನೆಂದು ಭಾವಿಸಿ, ಭಜನೆ ಕೇಳಿಕೊಂಡಿರಲಿ ಎಂದು ತಮ್ಮನ್ನು ನನ್ನ ಫೋನಿಗೆ ಹಾಕಿಕೊಟ್ಟಳು. ನಾನು ಭಜನೆ ಕೇಳಲಿಲ್ಲ. ಅವಳು ಬಸ್ಸು ಹತ್ತಿದ ಮೇಲೆ, ನನಗೆ ನಿಜವಾಗಿ ಬೇಕಾದದ್ದನ್ನು ಟೈಪು ಮಾಡಿದೆ: ಹೇಮಾವತಿ ಹರಿಕೇನ್ಸ್, ಅರಕಲಗೂಡು. ತಾವು ಕ್ಷಣವೂ ತಡಮಾಡದೆ, ನಿದ್ದೆ ಬಾರದವರಿಗಾಗಿ ಬಿರುಗಾಳಿಯ ಸದ್ದನ್ನೂ, ತಗಡಿನ ಮೇಲೆ ಮಳೆ ಬೀಳುವ ಸದ್ದನ್ನೂ ರಾತ್ರಿಯಿಡೀ ಸಾಕಾಗುವಷ್ಟು ಕಳಿಸಿದಿರಿ. ನಮ್ಮ ಮನೆಯ ಹಿತ್ತಲಿಗೆ ಹೊದೆಸಿರುವುದೂ ತಗಡೇ ಎಂಬುದು ತಮ್ಮ ಅವಗಾಹನೆಗೆ ಬಂದಿರಲಿಕ್ಕಿಲ್ಲ.

ಹರಿಕೇನ್ಸ್ ಎಂದರೆ ಬಿರುಗಾಳಿಯಲ್ಲ ಸ್ವಾಮೀ, ಒಂದು ಆರ್ಕೆಸ್ಟ್ರಾ. ಎಂಬತ್ತರ ದಶಕದಲ್ಲಿ ಅರಕಲಗೂಡಿನ ನಾಲ್ಕು ಹುಡುಗರು ಕೂದಲು ಬೆಳೆಸಿ, ಬೆಲ್‌ಬಾಟಂ ಹೊಲಿಸಿ, ಸಿನಿಮಾ ಹಾಡು ಹಾಡುವುದಿಲ್ಲವೆಂದು ಪ್ರತಿಜ್ಞೆ ಮಾಡಿ, ತಾವೇ ಕಟ್ಟಿದ ಹಾಡುಗಳನ್ನು ಮಾತ್ರ ನುಡಿಸುತ್ತಿದ್ದರು. ಆದ್ದರಿಂದ ಅವರನ್ನು ಯಾರೂ ಕರೆಯುತ್ತಿರಲಿಲ್ಲ. ಗಣಪತಿ ಕೂರಿಸುವ ಕಾಲಕ್ಕೆ ಎದ್ದು, ಮುಳುಗಿಸುವ ಹೊತ್ತಿಗೆ ಇಲ್ಲವಾಗುತ್ತಿದ್ದ ಸಂಸ್ಥೆ ಅದು. ಅವರನ್ನು ಕರೆದವನು ಒಬ್ಬನೇ, ನನ್ನ ಭಾವಮೈದ ಅರುಣ್‌ಕುಮಾರ್; ಕರೆದದ್ದು ಮಲ್ಲಿಪಟ್ಟಣದಲ್ಲಿ ನಡೆದ ನನ್ನ ಮದುವೆಗೆ, ಅದೂ ಸಂಜೆಯ ಮನರಂಜನೆಗೆ.

ಆದರೆ ಅದು ಭಾರೀ ಲಗ್ನಗಳ ದಿನ. ನಮ್ಮ ಓಲಗದವರು ಇನ್ನೊಂದೂರಿನಲ್ಲಿಯೂ ಮುಂಗಡ ಅಚ್ಚಾರ ಹಿಡಿದಿದ್ದರಂತೆ, ಅಲ್ಲೇ ಉಳಿದುಬಿಟ್ಟರು. ಇತ್ತ ಮುಹೂರ್ತ ಮೀರುತ್ತಿದೆ, ಪುರೋಹಿತರು ಕಣ್ಣು ಕೆಂಪು ಮಾಡುತ್ತಿದ್ದಾರೆ, ನನ್ನ ಕೈಯಲ್ಲಿ ತಾಳಿಯ ದಾರ. ತಾವು ಮದುವೆಯಾಗದವರೆಂದು ತಿಳಿದು ಹೇಳುತ್ತೇನೆ: ತಾಳಿ ಕಟ್ಟುವಾಗ ಗಟ್ಟಿಮೇಳ ಮೊಳಗಬೇಕು, ಯಾರಾದರೂ ಸೀನಿದರೆ, ಕೆಮ್ಮಿದರೆ, ಕೆಟ್ಟ ಮಾತಾಡಿದರೆ ವಧೂವರರ ಕಿವಿಗೆ ಬೀಳಬಾರದು, ಅದಕ್ಕೇ ಆ ಗದ್ದಲ. ನಮ್ಮ ಮಾವ ಚಪ್ಪರದ ಮೂಲೆಯಲ್ಲಿ ಇಡ್ಲಿ ತಿನ್ನುತ್ತಿದ್ದ ಹರಿಕೇನ್ಸರ ಕಡೆ ತಿರುಗಿ, "ಏನಾರ ಬಾರಿಸ್ರಲಾ, ಮೂರ್ತ ಮೀರೋಯ್ತದೆ!" ಎಂದು ಗರ್ಜಿಸಿದರು. ಹುಡುಗರು ಕೈ ತೊಳೆಯದೆ ಗಿಟಾರು ಹಿಡಿದರು. ಹೀಗೆ ನಮ್ಮ ಜಿಲ್ಲೆಯಲ್ಲಿ ಗಿಟಾರಿನ ಗಟ್ಟಿಮೇಳ ಕೇಳಿ ತಾಳಿ ಕಟ್ಟಿದ ಏಕೈಕ ವರ ನಾನೇ ಇರಬೇಕು.

ಒಂದನೇ ಗಂಟು ಬಿತ್ತು, ಎರಡನೆಯದೂ ಬಿತ್ತು. ಅಷ್ಟರಲ್ಲಿ ಹಾಡು ಗಕ್ಕನೆ ನಿಂತಿತು. ಆ ನಿಶ್ಶಬ್ದದಲ್ಲಿ ನನ್ನ ಅತ್ತೆಯವರ ಅಕ್ಕ, ಊರಿಗೆಲ್ಲ ದೊಡ್ಡಮ್ಮನಾದ ಮಹಾತಾಯಿ, ಮೂರು ಬೀದಿಗೆ ಕೇಳುವಂತೆ ಸೀನಿದರು. ನಾನು ಗಾಬರಿಯಲ್ಲಿ ಮೂರನೇ ಗಂಟು ಬಿಗಿದೆ. ಯಾಕ್ರಲಾ ನಿಲ್ಸುದ್ರಿ ಎಂದು ಮಾವ ಎಗರಾಡಿದರು, ಕರೆಂಟು ಹೋಯಿತೆಂದು ಹುಡುಗರು ಹೇಳಿದರು, ಬಂತೆಂದು ಮತ್ತೇನೋ ಬಾರಿಸಿದರು, ಅಕ್ಷತೆ ಬಿತ್ತು, ಊಟವಾಯಿತು.

ಮಾನ್ಯರೇ, ಆ ಒಂದು ಸೀನಿನ ಫಲವನ್ನು ನಾನು ಮೂವತ್ತೆಂಟು ವರ್ಷ ಉಂಡೆ. ನನ್ನ ಹೆಂಡತಿ ಪ್ರೇಮಕುಮಾರಿ ಕಾನೂನು ಓದಿದವಳಲ್ಲ, ಆದರೆ ಮದುವೆಯಾದ ಮೊದಲ ವಾರದಲ್ಲೇ ತನ್ನ ವಾದವನ್ನು ಮಂಡಿಸಿದಳು. "ಎರಡು ಗಂಟು ನಿಮ್ದು, ಒಪ್ಕತೀನಿ. ಮೂರನೇದು ಮೇಳ ಇಲ್ದೆ ಸೀನಿನ ಮೇಲೆ ಬಿದ್ದದ್ದು, ಅದು ಲೆಕ್ಕಕ್ಕಿಲ್ಲ ಕಣ್ರೀ. ಮೂರರಲ್ಲಿ ಎರಡು ಪಾಲು ನಾನು ನಿಮ್ಮ ಎಂಡ್ರು. ಮಿಕ್ಕ ಒಂದು ಪಾಲು ನಂದು." ಮಂಡಿ ಮಾರಿ ಹಾಸನದಲ್ಲಿ ಸಿನಿಮಾ ಟೆಂಟು ಹಾಕೋಣವೆಂದೆ, ಅದು ಮೂರನೇ ಪಾಲಿಗೆ ಬರುತ್ತದೆ ಎಂದಳು. ಮೇಘಶ್ರೀಯನ್ನು ನನ್ನ ತಂಗಿಯ ಮಗನಿಗೇ ಕೊಡೋಣವೆಂದೆ, ಮೂರನೇ ಪಾಲು. ಉಪ್ಸಾರಿನ ಖಾರ ಸ್ವಲ್ಪ ಕಡಿಮೆಯಾಗಲಿ ಎಂದೆ, ಅದೂ ಮೂರನೇ ಪಾಲು. ನೀಡ್‌ಲೆಸ್ ಟು ಸೇ, ನಾನು ಹಟ ಹಿಡಿದ ವಿಷಯಗಳೆಲ್ಲ ಹೇಗೋ ಅದೇ ಪಾಲಿನೊಳಗೆ ಹೋಗಿ ಬೀಳುತ್ತಿದ್ದವು. ವಾದ ಮುಗಿದ ಮೇಲೆ ಆ ಹಾಡಿನ ರಾಗವನ್ನು ಗುನುಗಿ, ಅದು ನಿಂತ ಜಾಗಕ್ಕೆ ಸರಿಯಾಗಿ ನಿಲ್ಲಿಸಿ ನಗುತ್ತಿದ್ದಳು. ಹೀಗಾಗಿ ಅಲ್ಲಿಯವರೆಗಿನ ರಾಗ ನನಗೆ ನನ್ನ ಹೆಸರಿಗಿಂತ ಚೆನ್ನಾಗಿ ಗೊತ್ತು.

ನನ್ನ ಪ್ರತಿವಾದ ಇಷ್ಟೇ: ಕರೆಂಟು ಹೋಗಿರಲಿಲ್ಲ, ಆ ಹಾಡನ್ನು ಕಟ್ಟಿದ್ದೇ ಹಾಗೆ, ಅಲ್ಲಿ ನಿಲ್ಲುವುದೂ ಹಾಡಿನದೇ ಭಾಗ; ಆದ್ದರಿಂದ ಗಟ್ಟಿಮೇಳ ಸಾಂಗವಾಗಿ ನಡೆದಿದೆ, ಮೂರು ಗಂಟೂ ಊರ್ಜಿತ. ಇದಕ್ಕೆ ಸಾಕ್ಷಿ ಹಾಡೊಂದೇ. ಹಾಡು ಎಲ್ಲಿದೆಯೆಂದು ಅರುಣ್‌ಕುಮಾರನನ್ನು ಕೇಳಿದಾಗಲೆಲ್ಲ "ನೆಪ್ಪಿಲ್ಲ ಭಾವ" ಎಂಬುದೊಂದೇ ಉತ್ತರ. ಎರಡು ವರ್ಷದ ಹಿಂದೆ ಪ್ರೇಮಕುಮಾರಿ ಕೊನೆಯ ಮಾತನ್ನೂ ತನ್ನಲ್ಲೇ ಉಳಿಸಿಕೊಂಡು ಹೊರಟುಹೋದಳು. ಎದುರು ಪಕ್ಷದವರು ಹಾಜರಿಲ್ಲವೆಂದು ಕೇಸು ಬಿಡುವ ಜಾಯಮಾನ ನನ್ನದಲ್ಲ. ಆ ಮೂರನೇ ಪಾಲನ್ನು ನಾನು ಗೆದ್ದೇ ತೀರಬೇಕಿತ್ತು. ಆದ್ದರಿಂದ ತಮ್ಮ ಬಾಗಿಲಿಗೆ ಬಂದೆ.

ಬಿರುಗಾಳಿ ಬೇಡವೆಂದು ತಿಳಿಸಲು 'ಗಿಟಾರ್' ಎಂದೂ ಸೇರಿಸಿ ಬರೆದದ್ದೇ ತಡ, ತಾವು ನನ್ನನ್ನು ಇಪ್ಪತ್ತೆರಡರ ತರುಣನೆಂದು ನಿರ್ಧರಿಸಿ ವಾರವಾರವೂ ಇಂಡಿ ಪಾಪ್ ಎಂಬ ಹೊಸ ಸರಕನ್ನು ಇಳಿಸತೊಡಗಿದಿರಿ. ಇಂಡಿ ಎಂದರೆ ಕಂಪನಿಯ ಹಂಗಿಲ್ಲದೆ ತಮ್ಮಷ್ಟಕ್ಕೆ ತಾವೇ ಹಾಡು ಮಾಡಿ ಬಿಡುವವರು ಎಂದು ಮೇಘಶ್ರೀ ವಿವರಿಸಿದಳು. ಒಳ್ಳೆಯದು, ನನ್ನ ಮಂಡಿಯೂ ಹಾಗೇ ಇತ್ತು. ಆದರೆ ಈ ಮಕ್ಕಳೇಕೆ ಪಕ್ಕದ ಕೋಣೆಯಲ್ಲಿ ತೊಟ್ಟಿಲ ಕೂಸು ಮಲಗಿದೆಯೇನೋ ಎಂಬಂತೆ ಪಿಸುಗುಟ್ಟಿ ಹಾಡುತ್ತಾರೆ? ಒಬ್ಬ ಹುಡುಗ ಮೆಸೇಜಿಗೆ ಉತ್ತರ ಬರಲಿಲ್ಲವೆಂದು ಹಾಡುಪೂರ್ತಿ ಅಳುತ್ತಾನೆ. ಎದ್ದು ಅವಳ ಮನೆಗೆ ಹೋಗಿ ಒಂದು ಲೋಟ ಕಾಫಿ ಕುಡಿದು ಬಂದರೆ ತೀರುವ ಕಷ್ಟ. ಹಾಡಿನ ಹೆಸರುಗಳಲ್ಲಿ ಒಂದಾದರೂ ಕ್ಯಾಪಿಟಲ್ ಅಕ್ಷರವಿಲ್ಲ. ನಮ್ಮ ಇಂಗ್ಲಿಷ್ ಲೆಕ್ಚರರು ಇದ್ದಿದ್ದರೆ ಅಷ್ಟೂ ಗಾಯಕರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ನಡುನಡುವೆ ಕೂದಲು ಸೊಂಪಾಗಿ ಬೆಳೆಯುವ ಎಣ್ಣೆಯ ಜಾಹೀರಾತು ಬೇರೆ. ನನ್ನ ತಲೆಯನ್ನು ತಾವು ನೋಡಿಲ್ಲವೆಂಬುದಕ್ಕೆ ಅದೇ ಪುರಾವೆ.

ಆದರೂ ಕೇಳಿದೆ. ಹೀಗೆ ಹಿಂಗಾರು ಮುಗಿಯುವವರೆಗೆ ಕೇಳುತ್ತಿರಲಾಗಿ, ಒಂದು ಶುಕ್ರವಾರ ಶೆಟ್ಟಿಹಳ್ಳಿಯ ಹಿನ್ನೀರಿನಲ್ಲಿ, ಅಲ್ಲಿನ ಪಾಳು ಚರ್ಚಿನ ಮುಂದೆ ಮೊಣಕಾಲವರೆಗೆ ನಿಂತ ಹುಡುಗಿಯೊಬ್ಬಳ ಚಿತ್ರವಿರುವ ಹಾಡು ಬಂತು. ಶೋಭಿತಾ ಎಂದು ಹೆಸರು. ಅವರೆಕಾಯಿ ಬಿಡಿಸುತ್ತಾ ಕುಳಿತಿದ್ದವನು ಮೊರ ಚೆಲ್ಲಿ ಎದ್ದು ನಿಂತೆ. ಅದೇ ರಾಗ. ಹುಡುಗಿ ಪಿಸುಗುಟ್ಟಿದಳು, ಗಿಟಾರು ಹತ್ತಿತು, ಏರಿತು, ಪ್ರೇಮಕುಮಾರಿ ನಿಲ್ಲಿಸುತ್ತಿದ್ದ ಜಾಗಕ್ಕೆ ಬಂತು, ಗಕ್ಕನೆ ನಿಂತಿತು. ಹಾಡೇ ಮುಗಿಯಿತು! ಗೆದ್ದೆ ಎಂದು ಕೂಗಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ತಾವು ಮುಂದಿನ ಹಾಡನ್ನು ತಂದು ನನ್ನ ಬಾಯೊಳಗೇ ತುರುಕಿದಿರಿ.

ಮೇಘಶ್ರೀ ಆ ಹುಡುಗಿಗೆ ಬರೆದು ವಿಚಾರಿಸಿದಳು. ಈ ರಾಗವನ್ನು ತನ್ನ ದೊಡ್ಡಪ್ಪ ಕಲಿಸಿದ್ದು, ಅವರು ಅರಕಲಗೂಡಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದಾರೆ ಎಂದು ಉತ್ತರ ಬಂತು. ಮರುದಿನವೇ ಇಸ್ತ್ರಿ ಮಾಡಿದ ಪಂಚೆಯುಟ್ಟು, ತೀರ್ಪಿನ ಪ್ರತಿ ಪಡೆಯಲು ಹೋಗುವವನಂತೆ ಬಸ್ಸು ಹತ್ತಿದೆ.

ಹರಿಕೇನ್ಸಿನ ಗಿಟಾರು ವಾದಕ ಶಾಂತರಾಜು ಈಗ ಸುಟ್ಟುಹೋದ ಪಂಪ್‌ಸೆಟ್ಟುಗಳ ಹೊಟ್ಟೆಗೆ ತಾಮ್ರದ ತಂತಿ ಸುತ್ತುತ್ತಾರೆ. ಮಲ್ಲಿಪಟ್ಟಣದ ಮದುವೆ ಎಂದದ್ದೇ ತಡ, ಕೈಲಿದ್ದ ಸುತ್ತಿಗೆ ಕೆಳಗಿಟ್ಟರು. "ಮರೆಯಾಕಾದದಾ ಸಾ! ಇಡ್ಲಿ ತಿನ್ನಾಕೂ ಬುಡ್ನಿಲ್ಲ ನಿಮ್ಮ ಮಾವ್ನೋರು." ನಾನು ಗಂಟಲು ಸರಿಮಾಡಿಕೊಂಡು, ಕರೆಂಟು ಹೋದದ್ದೋ ಹಾಡೇ ಹಾಗೋ ಎಂದು ಕೇಳಿದೆ. ಎರಡೂ ಅಲ್ಲವೆಂದರು. "ಕರೆಂಟ್ ಎಲ್ಲೋದದು ಸಾ, ನಮ್ಮ ಆಂಪ್ಲಿಫೈಯರ್ ಓಡ್ತಿದ್ದುದ್ದೇ ಲಾರಿ ಬ್ಯಾಟ್ರಿ ಮ್ಯಾಲೆ. ಆಡು ಇನ್ನೂ ಅರ್ಧ ಇತ್ತು. ಮದ್ವಣಗಿತ್ತಿನೇ ನಮ್ ಕಡೆ ತಿರುಗಿ, ಸೆರಗಿನ ಸಂದೀಲಿ ಇಂಗೆ ಕೈ ಮಾಡುದ್ರು, ಸಾಕು, ನಿಲ್ಸಿ ಅಂತ. ಎದರ್ಕಂಡು ನಿಲ್ಸ್ಬುಟ್ವಿ. ಅವ್ರ ಎಸ್ರು ಏಳಾಕಾದದಾ? ಅದ್ಕೇ ಕರೆಂಟ್ ಮ್ಯಾಲೆ ಆಕುದ್ವಿ."

ಮಾನ್ಯರೇ, ಅಂಗಡಿಯಲ್ಲಿ ಕೂರಲು ಇದ್ದದ್ದು ಒಂದು ಹಳೆಯ ಟೈರು. ಅದರ ಮೇಲೆ ಕುಳಿತುಬಿಟ್ಟೆ. ಶಾಂತರಾಜು ಟೀ ತರಿಸಿ ಮಾತು ಮುಂದುವರಿಸಿದರು: "ಅಂಗೆ ಗಕ್ಕುನ್ ನಿಂತಿದ್ದು ಕೇಳೋಕೆ ಬಲೇ ಮಜವಾಗಿತ್ತು ಸಾ. ಆಮ್ಯಾಕೆ ಯಾವ್ ಗಣಪತಿ ಮುಂದೆ ಬಾರ್ಸುದ್ರೂ ಅಲ್ಗೇ ನಿಲ್ಸ್ತಿದ್ವಿ. ನಮ್ ತಮ್ಮನ ಮಗ್ಳಿಗೂ ಅಂಗೇ ಏಳ್ಕೊಟ್ಟೆ. ಮಿಕ್ಕಿದ್ದರ್ಧ ಈಗ ನಂಗೇ ಮರ್ತೋಗದೆ. ಅದ್ಸರಿ, ಅವತ್ತು ಯಾಕ್ ನಿಲ್ಸು ಅಂದ್ರು ನಿಮ್ಮ ಮನೆಯೋರು? ಮನ್ಗೋಗಿ ಕೇಳ್ಬುಟ್ಟು ನಂಗೂ ಒಂದು ಫೋನ್ ಮಾಡಿ ಸಾ." ಆಗಲಿ ಎಂದೆ.

ಹೀಗಾಗಿ ಕೇಸು ನನ್ನ ವಿರುದ್ಧವೇ ತೀರ್ಮಾನವಾಗಿದೆ. ತಾಳಿ ಕೊರಳಿಗೆ ಬೀಳುತ್ತಿರುವಾಗಲೇ ತನ್ನ ಪಾಲನ್ನು ತೆಗೆದಿಟ್ಟುಕೊಂಡ ಹೆಣ್ಣಿನ ಮುಂದೆ ನಾನಾದರೂ ಯಾರು, ತಾವಾದರೂ ಯಾರು? ಬಸ್ಸಿನಲ್ಲಿ ಒಬ್ಬನೇ ನಗುತ್ತಾ ಬಂದೆ. ಕಂಡಕ್ಟರು ಚಿಲ್ಲರೆಯನ್ನು ಕೇಳದೆಯೇ ಕೊಟ್ಟ.

ಈಗ ತಮ್ಮ ಸನ್ನಿಧಾನದಲ್ಲಿ ನನ್ನ ಬಿನ್ನಹ. ಆ ಹಾಡಿನ ಕೆಳಗೆ ಸಾಹಿತ್ಯ ಇಂಥವರದು, ಗಿಟಾರು ಇಂಥವರದು ಎಂದು ಸಣ್ಣಕ್ಷರದಲ್ಲಿ ಬರೆದಿದ್ದೀರಲ್ಲ, ಅದಕ್ಕೆ ಇನ್ನೊಂದು ಸಾಲು ಸೇರಿಸಬೇಕು: 'ನಿಲುಗಡೆ: ಶ್ರೀಮತಿ ಪ್ರೇಮಕುಮಾರಿ, ಮಲ್ಲಿಪಟ್ಟಣ.' ಮೊದಲಕ್ಷರಗಳು ಕ್ಯಾಪಿಟಲ್ ಆಗಿರಲಿ. ಎರಡನೆಯದು ಇದಕ್ಕಿಂತ ಕಷ್ಟದ್ದು. ಅರ್ಜಿ ಫಾರಮುಗಳಲ್ಲಿ ನಾನು ಎರಡು ವರ್ಷದಿಂದ ವಿಧುರ ಎಂದು ಬರೆಯುತ್ತಿದ್ದೇನೆ. ನನ್ನದಾಗಿದ್ದ ಎರಡು ಪಾಲಿನ ಮಟ್ಟಿಗೆ ಅದು ಸರಿ. ಮೂರನೇ ಪಾಲಿನ ಮದುವೆ ಇನ್ನೂ ಆಗಿಯೇ ಇಲ್ಲವಲ್ಲ, ಆಗದ ಮದುವೆ ಮುಗಿಯುವುದು ಹೇಗೆ? ಆ ಲೆಕ್ಕದಲ್ಲಿ ನಾನಿನ್ನೂ ಚಪ್ಪರದ ಕೆಳಗೆ ದಾರದ ತುದಿ ಹಿಡಿದು ನಿಂತ ವರ. ಆದ್ದರಿಂದ ಶೋಭಿತಾಳ ಹಾಡು ಅಲ್ಲಿಗೆ ಬಂದು ನಿಂತಾಗ, ದಯಮಾಡಿ ಮುಂದಿನ ಹಾಡನ್ನು ತಳ್ಳಬೇಡಿ. ಯಾರಾದರೂ ಸೀನಿದರೆ ಸೀನಲಿ. ಅವಳು ಸಾಕು ಎಂದಿದ್ದಾಳೆ. ಮುಂದುವರಿಸಿ ಎಂದು ಅವಳೇ ಕೈ ಮಾಡುವವರೆಗೆ ತಾವೂ ನನ್ನ ಜೊತೆ ಸುಮ್ಮನಿರಬೇಕೆಂದು ಕೋರುವ,

ಮೂರರಲ್ಲಿ ಎರಡು ಪಾಲಿನ ಮಟ್ಟಿಗೆ
ತಮ್ಮ ವಿಶ್ವಾಸಿ,
ಚಂದ್ರಯ್ಯ
ತೆಂಗಿನಕಾಯಿ ಮಂಡಿ ವರ್ತಕರು (ಮಾಜಿ), ಹೊಳೆನರಸೀಪುರ

ತಾ.ಕ.: ಕಳೆದ ಶುಕ್ರವಾರ ಕಳಿಸಿದ್ದರಲ್ಲಿ ಬಸ್ಸು ತಪ್ಪಿಸಿಕೊಂಡ ಹುಡುಗನ ಹಾಡೊಂದು ನನಗೆ ನಿಜವಾಗಿಯೂ ಹಿಡಿಸಿತು. ಇದನ್ನು ಗುಟ್ಟಾಗಿ ತಿಳಿಸುತ್ತಿದ್ದೇನೆ. ಮುದುಕನಿಗೆ ಒಂದು ಹಿಡಿಸಿತೆಂದು ಬರುವ ಶುಕ್ರವಾರ ಬಸ್ಸು ತಪ್ಪಿಸಿಕೊಂಡ ನಲವತ್ತು ಹುಡುಗರನ್ನು ಸಾಲಾಗಿ ನಿಲ್ಲಿಸಬೇಡಿ. ಅಷ್ಟು ಜನರಿಗೆ ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ನೆರಳಿಲ್ಲ.