ಕಪ್ಪಿಗೆ ಇಳಿದ ಮೊಸರು

ಯಾವುದನ್ನಾದರೂ ಸಣ್ಣದು ಮಾಡುತ್ತ ಹೋಗಬಹುದು ಎಂದು ನಾನು ಬಹಳ ಕಾಲ ನಂಬಿದ್ದೆ. ಪೆಟ್ಟಿಗೆಯಷ್ಟಿದ್ದ ರೇಡಿಯೋ ಕಣ್ಣೆದುರೇ ಕಿಸೆಗೆ ಇಳಿಯಿತಲ್ಲ. ಹಾಗಾಗಿ ಹೆಂಡತಿ ಗಿರಿಜಾ ತೀರಿಕೊಂಡ ಮೇಲೆ ಇಳಕಲ್ಲಿನ ನಮ್ಮ ಅಡುಗೆಮನೆಯನ್ನೂ ಒಬ್ಬನ ಅಳತೆಗೆ ಇಳಿಸಲು ಹೊರಟೆ. ಅನ್ನ ಇಳಿಯಿತು, ಚಹಾ ಇಳಿಯಿತು, ಒಗ್ಗರಣೆಯೂ ನಾಲ್ಕು ಸಾಸಿವೆ ಕಾಳಿಗೆ ಇಳಿಯಿತು. ತಕರಾರು ತೆಗೆದದ್ದು ಮೊಸರು.

ಮದುವೆಯಾಗಿ ಬರುವಾಗ ಗಿರಿಜಾ ಗುಡೂರಿನ ತವರಿನಿಂದ ಹೆಪ್ಪು ತಂದಿದ್ದಳು. ನಿನ್ನೆಯ ಒಂದು ಚಮಚ ಮೊಸರು ಇಂದಿನ ಹಾಲಿಗೆ. ಹೀಗೆ ಅದು ಅವಳು ಹೋದ ಮೇಲೂ ನಡೆದಿತ್ತು. ಅವಳು ಮುಟ್ಟಿದ್ದರಲ್ಲಿ ಇನ್ನೂ ಜೀವವಿದ್ದದ್ದು ಅದೊಂದು, ನಾನೊಬ್ಬ. ಅದನ್ನು ಪಾತೇಲಿಯಿಂದ ತಂಬಿಗೆಗೆ, ತಂಬಿಗೆಯಿಂದ ಚಹಾದ ಕಪ್ಪಿಗೆ ಇಳಿಸಿ, ಹಾಲು ಉಳಿಯಿತೆಂದು ಹಿಗ್ಗಿದೆ. ಚಳಿ ಬಿತ್ತು. ಒಂದು ಬೆಳಿಗ್ಗೆ ಕಪ್ಪಿನಲ್ಲಿ ಹಾಲು ಹಾಲಾಗಿಯೇ ಇತ್ತು. ಇದ್ದ ಹೆಪ್ಪನ್ನೆಲ್ಲ ಅದಕ್ಕೇ ಹಾಕಿದ್ದೆ. ಕಾದೆ. ಮರುದಿನ ವಾಸನೆ ಬಂತು.

ಬಾಗಲಕೋಟೆಯಲ್ಲಿ ವಿಜ್ಞಾನ ಕಲಿಸುವ ಅಣ್ಣನ ಮಗಳು ಸುಧಾಳಿಗೆ ಫೋನ್ ಮಾಡಿದೆ.

“ಹೆಪ್ಪಿಗೆ ಬೆಚ್ಚಗ ಇರಬೇಕು ಕಾಕಾ. ಕಪ್ಪಿನಾಗ ಹಾಲು ಕಡಿಮಿ, ಗಾಳಿಗೆ ಆರೋ ಮೈ ಭಾಳ. ಸುಂಡಿಲಿ ನೋಡ್ರಿ, ಬೆರಳಷ್ಟ ಮೈ, ಅದು ಆರಬಾರದಂತ ದಿನಾಪೂರ್ತಿ ತಿಂತಿರತೈತಿ. ಅದಕ್ಕಿಂತ ಭಾಳ ಸಣ್ಣದಾದ್ರ ತಿಂದೂ ಬದುಕೂದಿಲ್ಲ.”

“ಮತ್ತ ಫೋನಿನೊಳಗಿನ ಚಿಪ್ಪು ಸಣ್ಣದಾಗ್ಲಿಕ್ಹತ್ತೇತಲ್ಲ?”

“ಅದಕ್ಕೂ ಮಿತಿ ಐತ್ರಿ. ಒಳಗ ಕರೆಂಟು ತಡಿಯೂ ಗ್ವಾಡಿ ನಾಲ್ಕಾರು ಪರಮಾಣುವಿನಷ್ಟ ತೆಳ್ಳಗಾದ್ರ ಸೋರತೈತಿ. ನೀವು ಪಾತೇಲಿ ತುಂಬ ಹಾಲು ಹಾಕಬಾರದೇನು?”

“ಯಾರು ತಿನ್ನಬೇಕವಾ?” ಎಂದೆ. ಫೋನ್ ಇಟ್ಟೆ.

ಹಿಂಬದಿಯ ಮನೆಯ ಶಾಂತಕ್ಕ ದಿನವೂ ಗಿರಿಜಾಳಿಂದ ಹೆಪ್ಪು ಒಯ್ಯುತ್ತಿದ್ದದ್ದು ನೆನಪಾಯಿತು. ಅವರಲ್ಲಿ ಅದು ಉಳಿದಿರಲೇಬೇಕು. ಓಡಿದೆ.

“ಎಲ್ಲೀದ್ರಿ ಅಣ್ಣಾರ, ಅಕ್ಕ ಹೋದಾಗಿಂದ ನಮ್ಮಲ್ಲಿ ಪಾಕೀಟ ಮಸರು” ಎಂದರು.

“ದಿನಾ ಒಯ್ತಿದ್ರಲ್ಲ?”

“ಮಾತಾಡಾಕ ಹೊಂಟೇನಿ ಅಂದ್ರ ನಮ್ಮತ್ತಿ ಬಿಡ್ತಿದ್ದಿಲ್ಲ. ಹೆಪ್ಪು ತೀರೇತಿ ಅಂದ್ರ ಬಿಡ್ತಿದ್ರು. ಅದಕ್ಕ ಇದ್ದ ಮಸರೆಲ್ಲ ಮಜ್ಜಿಗಿ ಮಾಡಿ ಕುಡಿಸಿಬಿಡ್ತಿದ್ದೆ.” ನಕ್ಕರು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡು, ಪಾಕೀಟಿನ ಮೊಸರನ್ನೇ ಅರ್ಧ ವಾಟಿ ಕೊಟ್ಟರು.

ಈಗ ಪಾತೇಲಿ ತುಂಬ ಹಾಲು ಹಾಕಿ ಕಂಬಳಿ ಸುತ್ತಿ ಇಡುತ್ತೇನೆ. ಹೆಚ್ಚಾದದ್ದನ್ನು ಶಾಂತಕ್ಕ ಒಯ್ಯುತ್ತಾರೆ. ಮೊಸರು ಗಟ್ಟಿಯಾಗಿ, ಸಿಹಿಯಾಗಿ ಬರುತ್ತದೆ. ಗಿರಿಜಾಳ ಮೊಸರು ನಿಜವಾಗಿ ತುಸು ಹುಳಿ. ಊಟಕ್ಕೆ ಕೂತಾಗಲೆಲ್ಲ ದೂರುತ್ತಿದ್ದೆ, ಅವಳು ಉತ್ತರ ಕೊಡುತ್ತಿದ್ದಳು. ಇದರಲ್ಲಿ ದೂರುವಂಥದ್ದು ಏನೂ ಇಲ್ಲ. ಊಟ ಬೇಗ ಮುಗಿದುಬಿಡುತ್ತದೆ.