ತುಳಸಿಕಟ್ಟೆಯ ಪಕ್ಕದ ಊಟಿ ಗಿಡ

ಗಿಡ ಬೆಳೆಸುವ ವಿಷಯದಲ್ಲಿ ನನ್ನ ಕೈಗುಣ ಒಳ್ಳೆಯದಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕೆಲವರು ಒಣಕಟ್ಟಿಗೆ ನೆಟ್ಟರೂ ಚಿಗುರುತ್ತದೆ. ನನ್ನ ಹೆಂಡತಿ ಗಂಗಾ ಆ ಜಾತಿಯವಳು. ಅವಳು ಬಚ್ಚಲ ನೀರು ಹರಿಯುವಲ್ಲಿ ಕೊಳೆತ ಟೊಮೆಟೊ ಎಸೆದರೆ ಮೂರು ತಿಂಗಳಿಗೆ ಅಲ್ಲಿಂದಲೇ ಸಾರಿಗೆ ಟೊಮೆಟೊ ಸಿಗುತ್ತದೆ. ನಾನು ಸಿಂದಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಬೇರಿನ ಅಡ್ಡಸೀಳಿಕೆಯನ್ನು ಬಣ್ಣದ ಸೀಮೆಸುಣ್ಣದಲ್ಲಿ ನಾನು ಬಿಡಿಸಿದರೆ ಅದನ್ನು ಅಳಿಸಲು ಮುಂದಿನ ಪೀರಿಯಡ್ಡಿನ ಮಾಸ್ತರರಿಗೇ ಮನಸ್ಸು ಬರುತ್ತಿರಲಿಲ್ಲ. ಆದರೆ ನಿಜವಾದ ಬೇರಿಗೂ ನನಗೂ ಎಣ್ಣೆ ಸೀಗೆಕಾಯಿ ಸಂಬಂಧ. ಕೊಂದರೂ ಸಾಯದ ಮನಿಪ್ಲಾಂಟ್ ಕೂಡ ಸ್ಟಾಫ್ ರೂಮಿನ ನನ್ನ ಮೇಜಿನ ಮೇಲೆ ಒಣಗಿ ಹೋಯಿತು. ಅಂದಿನಿಂದ ಶಾಲೆಯ ಕೈತೋಟದ ಹತ್ತಿರ ನಾನು ಹೋದರೆ ಹುಡುಗಿಯರು, "ಸರ್, ನೀವು ನೆಳ್ಳಾಗ ನಿಂದರ್ರಿ, ನಾವ ನೀರ ಹಾಕ್ತೇವಿ" ಎಂದು ಬಹಳ ಗೌರವದಿಂದ ನನ್ನನ್ನು ದೂರ ಇಡುತ್ತಿದ್ದರು.

ಇಂಥವನು ಊಟಿಯ ತಂಪಿನಲ್ಲಿ ಬೆಳೆಯುವ ಒಂದು ಗಿಡವನ್ನು ಸಿಂದಗಿಗೆ ತಂದನೆಂದರೆ ಅದಕ್ಕೊಂದು ಕಾರಣ ಇರಲೇಬೇಕು. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಬೇಸಿಗೆ. ಶಾಲೆಯ ಮಾಸ್ತರರೆಲ್ಲ ಕೂಡಿ ಒಂದು ಬಸ್ಸು ಗೊತ್ತು ಮಾಡಿ, ಹೆಂಡಿರನ್ನು ಕರೆದುಕೊಂಡು ಊಟಿಗೆ ಹೋಗಿದ್ದೆವು. ನನಗೆ ದಾರಿಯಲ್ಲಿ ಬಿರಬಿರನೆ ನಡೆಯುವ ಚಾಳಿ. ಸಂತೆ ಇರಲಿ, ಮದುವೆ ಮನೆ ಇರಲಿ, ನಾನು ಹತ್ತು ಹೆಜ್ಜೆ ಮುಂದೆ, ಗಂಗಾ ಹತ್ತು ಹೆಜ್ಜೆ ಹಿಂದೆ. ನಡುವೆ ನನ್ನ "ಲಗೂ ನಡಿ" ಎಂಬ ಕೂಗು. ಆ ದಿನ ಏರುದಾರಿಯಲ್ಲಿ ಒಂದು ಸಸಿ ಮಾರುವವನ ತೋಟದ ಮುಂದೆ ಹಿಂತಿರುಗಿ ನೋಡಿದರೆ ಅವಳು ನಿಂತುಬಿಟ್ಟಿದ್ದಳು. ಅವಳ ಮುಂದೆ ಮೊಣಕಾಲುದ್ದದ ಒಂದು ಪೊದೆ. ಸೂಜಿಯಂಥ ಸಣ್ಣ ಎಲೆ. ಟೊಂಗೆ ತುಂಬ ಜೋಳದ ಕಾಳಿನಷ್ಟು ಪುಟ್ಟ, ತಿಳಿ ನೇರಳೆ ಬಣ್ಣದ ಗಂಟೆಹೂಗಳು. ಮಂಜು ಬಂದು ಹೂವನ್ನೂ ಗಂಗಾಳನ್ನೂ ಅರ್ಧ ಮುಚ್ಚಿ, ಮತ್ತೆ ಸರಿಯುತ್ತಿತ್ತು. ಅವಳ ಮುಖದಲ್ಲಿ ಒಂದು ನೆಮ್ಮದಿ ಇತ್ತು. ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಆ ಮುಖವನ್ನು ನಾನು ಕಂಡಿರಲಿಲ್ಲ. "ಲಗೂ ನಡಿ" ಎಂಬುದು ನಾಲಿಗೆ ತುದಿಗೆ ಬಂದು ಅಲ್ಲೇ ಉಳಿಯಿತು. ನಾನೂ ಸುಮ್ಮನೆ ನಿಂತೆ. ಎಷ್ಟು ಹೊತ್ತು ನಿಂತೆವೋ ಗೊತ್ತಿಲ್ಲ. ಇವಳ ಈ ಮುಖವನ್ನು ನಮ್ಮ ಅಂಗಳದಲ್ಲಿ ಇನ್ನೊಮ್ಮೆ ನೋಡಬೇಕು ಎಂದು ಆಗಲೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡು, ಗಿಡ ಕೊಳ್ಳಲು ಒಳಗೆ ಹೋದೆ.

ಸಸಿ ಮಾರುವವನು ಅದಕ್ಕೆ ಎರಿಕಾ ಎಂಬ ಹೆಸರು ಹೇಳಿದ. ಹುಳಿ ಮಣ್ಣು ಬೇಕು, ಮಳೆನೀರಿನಂಥ ಮೆತ್ತನೆಯ ನೀರು ಬೇಕು, ತಂಪು ಬೇಕು, ಸುಣ್ಣ ಮಾತ್ರ ಸೋಕಬಾರದು ಎಂದು ತನ್ನ ತಮಿಳುಗನ್ನಡದಲ್ಲಿ ಎರಡೆರಡು ಸಲ ಹೇಳಿದ. ಆಮೇಲೆ ಯಾವ ಊರೆಂದು ಕೇಳಿದ. ಬಿಜಾಪುರದ ಕಡೆ ಎಂದೆ. ಅವನು ಒಮ್ಮೆ ನನ್ನನ್ನು ನೋಡಿದ, ಒಮ್ಮೆ ಗಿಡವನ್ನು ನೋಡಿದ. ನಾನು ವಿಜ್ಞಾನದ ಮಾಸ್ತರ, ಆಮ್ಲ ಪ್ರತ್ಯಾಮ್ಲಗಳನ್ನು ಕಲಿಸುವುದೇ ನನ್ನ ಕೆಲಸ ಎಂದು ಧೈರ್ಯ ಹೇಳಿದೆ. ಅದನ್ನು ಕೇಳಿ ಅವನ ಮುಖ ಇನ್ನಷ್ಟು ಸಣ್ಣದಾಯಿತು. ಗಿಡವನ್ನು ಮಗಳನ್ನು ದೂರದ ಊರಿಗೆ ಕೊಡುವವನ ಹಾಗೆ ಕೊಟ್ಟು ಕಳಿಸಿದ.

ಸಿಂದಗಿಗೆ ಬಂದು ಇಳಿದಾಗ ಮೇ ತಿಂಗಳ ಕೊನೆ. ನಮ್ಮದು ಎರೆ ಭೂಮಿ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ. ಬೋರಿನ ನೀರನ್ನು ಒಂದು ವಾರ ಕಾಯಿಸಿದರೆ ಹಂಡೆಯೊಳಗೆ ಬಿಳಿ ಹೆಕ್ಕಳಿಕೆ ಕಟ್ಟುತ್ತದೆ. ನಾನು ಶಾಲೆಯ ಪ್ರಯೋಗಶಾಲೆಯಿಂದ ಲಿಟ್ಮಸ್ ಕಾಗದ ತಂದು ನೀರನ್ನು ಪರೀಕ್ಷಿಸಿದೆ. ಕೆಂಪು ಕಾಗದ ನೀಲಿಯಾಯಿತು, ಅಂದರೆ ಹುಳಿಯ ಸುಳಿವೇ ಇಲ್ಲ. ಮಣ್ಣನ್ನು ಪರೀಕ್ಷಿಸಿದೆ, ಅಲ್ಲೂ ನೀಲಿ. ಅಂಗಳದಲ್ಲಿ ನಾನು ಕಾಗದದ ತುಂಡು ಹಿಡಿದು ಕೂತದ್ದನ್ನು ನೋಡಿ ಗಂಗಾ, "ಗಿಡದ ಜಾತಕ ಕೂಡಿ ಬಂತೇನ್ರಿ?" ಎಂದಳು. ಕೂಡಿ ಬಂದಿರಲಿಲ್ಲ. ಆದರೂ ಕಟ್ಟಿಕೊಂಡ ಮೇಲೆ ಬಾಳಿಸಬೇಕಲ್ಲ.

ಅಲ್ಲಿಂದ ಆ ಗಿಡದ ಉಪಚಾರ ಶುರುವಾಯಿತು. ಮುದ್ದೇಬಿಹಾಳದ ಕಡೆಯಿಂದ ಬರುವ ಲಾರಿಯವನಿಗೆ ಹೇಳಿ ಎರಡು ಚೀಲ ಕೆಂಪು ಮಣ್ಣು ತರಿಸಿದೆ. ಮಣ್ಣು ತರಲು ಹೇಳಿದ್ದಕ್ಕೆ ಅವನು, "ಸರ್, ಸಿಂದಗ್ಯಾಗ ಮಣ್ಣು ತೀರೇತೇನ್ರಿ?" ಎಂದು ಕೇಳಿದ. ಮಳೆ ಬಂದಾಗ ಮನೆಯ ಪಾತ್ರೆಗಳೆಲ್ಲ ಮಾಳಿಗೆಯ ಮೇಲೆ ಏರಿ ಸಾಲಾಗಿ ಕೂತವು. ಒಂದು ಸಂಜೆ ಅನ್ನಕ್ಕಿಡಲು ಪಾತ್ರೆ ಇಲ್ಲದೆ ರೊಟ್ಟಿಯಲ್ಲೇ ಊಟ ಮುಗಿಯಿತು. ಮಳೆನೀರು ಮುಗಿದಾಗ ನನ್ನ ಜೊತೆಯ ಗಣಿತದ ಬಿರಾದಾರ ಮಾಸ್ತರರು ನೆರವಿಗೆ ಬಂದರು. ಅವರದು ಇಂಡಿಯಲ್ಲಿ ನಿಂಬೆತೋಟ. ಅವರ ಪ್ರಕಾರ ಲೋಕದ ಯಾವ ಕಾಯಿಲೆಗೂ ನಿಂಬೆಹಣ್ಣಿನಿಂದಲೇ ಮದ್ದು ಶುರುವಾಗಬೇಕು. "ಬಿಂದಿಗಿ ನೀರಿಗೆ ಎರಡು ಹಣ್ಣು ಹಿಂಡ್ರಿ. ಹುಳಿ ಬೇಕಂದ್ರ ಇಂಡಿ ಬಿಟ್ಟು ಊಟಿಗೆ ಯಾಕ ಹೋಗ್ಬೇಕು?" ಎಂದು ಪ್ರತಿ ಸೋಮವಾರ ಒಂದು ಕೈಚೀಲ ಹಣ್ಣು ತಂದುಕೊಡುತ್ತಿದ್ದರು. ಗಿಡಕ್ಕೆ ಹಿಂಡಿ ಉಳಿದದ್ದರಲ್ಲಿ ನಾವು ಉಪ್ಪಿನಕಾಯಿ ಹಾಕಿಕೊಂಡೆವು.

ಇಷ್ಟಾದರೂ ಗಿಡ ಮುಖ ಬಾಡಿಸಿಕೊಂಡೇ ಇತ್ತು. ಶ್ರಾವಣದ ಹೊತ್ತಿಗೆ ಒಮ್ಮೆಲೆ ಚಿಗುರಿತು. ಲಿಟ್ಮಸ್ ವಿಜ್ಞಾನ ಗೆದ್ದಿತೆಂದು ಸ್ಟಾಫ್ ರೂಮಿನಲ್ಲಿ ಒಂದು ಭಾಷಣ ಬಿಗಿದು ಬಂದೆ. ಮರುದಿನ ನೋಡಿದರೆ ಗಂಗಾ ಕರಿಬೇವಿಗೆ ಹುಳಿ ಮಜ್ಜಿಗೆಯ ನೀರು ಹಾಕಿ, ಉಳಿದ ಅರ್ಧ ತಂಬಿಗೆಯನ್ನು ಊಟಿ ಗಿಡಕ್ಕೂ ಎರೆಯುತ್ತಿದ್ದಾಳೆ. ಎಷ್ಟು ದಿನದಿಂದ ನಡೆದಿದೆ ಎಂದು ಕೇಳಿದೆ. "ತಂದಾಗಿಂದ. ನಮ್ಮ ತವರಮನಿ ಬಾಗೇವಾಡ್ಯಾಗ ಎಲ್ಲಾ ಗಿಡಕ್ಕೂ ಮಜ್ಜಿಗಿನ. ಒಂದು ಗಿಡಕ್ಕ ಒಂದು, ಇನ್ನೊಂದಕ್ಕ ಒಂದು ಮಾಡ್ಬಾರದ್ರಿ" ಎಂದಳು. ಭಾಷಣವನ್ನು ಹಿಂದಕ್ಕೆ ಪಡೆಯುವ ಪದ್ಧತಿ ನಮ್ಮ ಸ್ಟಾಫ್ ರೂಮಿನಲ್ಲಿ ಇಲ್ಲವಾದ್ದರಿಂದ ಸುಮ್ಮನಾದೆ.

ಆ ದಿನಗಳ ಮಧ್ಯಾಹ್ನಗಳು ನನಗೆ ಈಗಲೂ ಹಿತವಾಗಿ ನೆನಪಿವೆ. ರವಿವಾರ ಉಂಡು ಪಡಸಾಲೆಯಲ್ಲಿ ಒರಗಿಕೊಂಡರೆ ನೀರಿನ ರಂಜಣಿಗೆಯ ಪಕ್ಕದ ನೆರಳಿನಲ್ಲಿ ಆ ಗಿಡ ಕಾಣುತ್ತಿತ್ತು. ಕಣ್ಣು ಅರ್ಧ ಮುಚ್ಚಿದರೆ ಸಾಕು, ಅದರ ಸುತ್ತಲಿಂದ ಸಣ್ಣಗೆ ಮಂಜು ಏಳುತ್ತಿತ್ತು. ಮಂಜು ಅಂಗಳ ದಾಟಿ ಓಣಿಗೆ ಇಳಿದು, ಹಿಟ್ಟಿನ ಗಿರಣಿಯ ಸದ್ದನ್ನು ಮುಚ್ಚಿ, ಬಸ್‌ಸ್ಟ್ಯಾಂಡಿನ ತನಕ ಹರಡುತ್ತಿತ್ತು. ದೇವರ ಹಿಪ್ಪರಗಿಯ ಬಸ್ಸು ಹಗಲಲ್ಲೇ ದೀಪ ಹಚ್ಚಿಕೊಂಡು ಮೆಲ್ಲಗೆ ಬರುತ್ತಿತ್ತು. ಕಂಡಕ್ಟರ್ ಸ್ವೆಟರಿನೊಳಗೆ ಕೈ ಹುದುಗಿಸಿಕೊಂಡು ಚಿಲ್ಲರೆ ಇಲ್ಲದಿದ್ದರೆ ಪರವಾಗಿಲ್ಲ ಎನ್ನುತ್ತಿದ್ದ. ತೊಗರಿ ಹೊಲಗಳೆಲ್ಲ ನೇರಳೆ ಹೂವಾಗಿರುತ್ತಿದ್ದವು. ಬಿರಾದಾರ ಮಾಸ್ತರರು ಮಂಕಿಟೊಪ್ಪಿಗೆ ಹಾಕಿಕೊಂಡು ನಿಂಬೆಹಣ್ಣು ಮಾರುತ್ತಿದ್ದರು. ಆ ಮಂಜಿನ ನಡುವೆ ಎಲ್ಲೋ ಗಂಗಾ ಶಾಲು ಹೊದ್ದು ನಿಂತಿರುತ್ತಿದ್ದಳು. ಅವಳ ಮುಖ ನೋಡಲು ನಾನು ಹೋಗುತ್ತಿದ್ದೆ. ಇನ್ನೇನು ಅವಳು ತಿರುಗಬೇಕು, ಅಷ್ಟರಲ್ಲಿ, "ಚಹಾ ಆರಾಕತ್ತೇತಿ, ಏಳ್ರಿ" ಎಂಬ ದನಿ ಬಂದು ಮಂಜೆಲ್ಲ ಚಹದ ಬಟ್ಟಲಿನ ಹಬೆಯಾಗಿ ಉಳಿಯುತ್ತಿತ್ತು.

ನವರಾತ್ರಿಯ ಒಂದು ಮುಂಜಾನೆ ಗಿಡ ಹೂಬಿಟ್ಟಿತು. ಎಣಿಸಿದರೆ ಏಳೇ ಹೂ. ಗಂಗಾಳನ್ನು ಕೂಗಿ ಕರೆದು, ಅವಳ ಮುಖ ಚೆನ್ನಾಗಿ ಕಾಣುವ ಕಡೆ ಹೋಗಿ ನಿಂತುಕೊಂಡೆ. ಅವಳು ಜೋಳದ ಹಿಟ್ಟಿನ ಕೈಯಲ್ಲೇ ಬಂದಳು. ಬಗ್ಗಿ ನೋಡಿದಳು. "ಛಂದ ಅದಾವ" ಎಂದಳು. ಮರುಗಳಿಗೆ, "ಹಂಚಿನ ಮ್ಯಾಲ ರೊಟ್ಟಿ ಐತಿ" ಎಂದು ಒಳಗೆ ಹೋದಳು. ಅಷ್ಟೇ. ಐದು ತಿಂಗಳ ಮಳೆನೀರು, ಮಣ್ಣು, ನಿಂಬೆಹಣ್ಣು ಎಲ್ಲ ಸೇರಿ ಒಂದು ರೊಟ್ಟಿ ಬೇಯುವಷ್ಟು ಹೊತ್ತೂ ಅವಳನ್ನು ನಿಲ್ಲಿಸಲಾಗಲಿಲ್ಲ. ನನಗೆ ಬೇಸರವಾಯಿತು. ಅವಳ ಮುಖ ಊಟಿಯ ಆ ಮುಖವಾಗಿರಲಿಲ್ಲ.

ತಪ್ಪು ಜಾಗದ್ದು ಎಂದು ನನಗೆ ಹೊಳೆಯಿತು. ರಂಜಣಿಗೆಯ ಹಿಂದೆ ಅಡಗಿಸಿಟ್ಟರೆ ಯಾರು ನಿಂತು ನೋಡುತ್ತಾರೆ? ದೀಪಾವಳಿ ಹತ್ತಿರ ಬಂದಿತ್ತು. ತುಳಸಿ ಲಗ್ನಕ್ಕೆಂದು ನಮ್ಮಲ್ಲಿ ತುಳಸಿಕಟ್ಟೆಗೆ ಸುಣ್ಣ ಬಳಿದು ಹುರಮಂಜಿನ ಕೆಂಪು ಪಟ್ಟಿ ಎಳೆಯುತ್ತಾರೆ. ಆ ಕೆಲಸ ಪ್ರತಿ ವರ್ಷ ನನ್ನದು. ಕಟ್ಟೆಗೆ ಬಳಿದ ಮೇಲೆ ಊಟಿ ಗಿಡದ ಕುಂಡವನ್ನು ಎತ್ತಿ ತಂದು ಪಕ್ಕಕ್ಕಿಟ್ಟೆ. ಬೆಳ್ಳಗೆ ಹೊಳೆಯುವ ಕಟ್ಟೆಯ ಮಗ್ಗುಲಿಗೆ ಮಣ್ಣುಬಣ್ಣದ ಕುಂಡ ಬಡವನಂತೆ ಕಂಡಿತು. ಮನೆಯ ಮಂದಿಗೆಲ್ಲ ಹಬ್ಬಕ್ಕೆ ಹೊಸ ಬಟ್ಟೆ ತಂದು ಒಬ್ಬರನ್ನು ಬಿಡುವುದು ಸರಿಯೇ? ಕುಂಡಕ್ಕೂ ಎರಡು ಕೈ ಸುಣ್ಣ ಬಳಿದು, ಹುರಮಂಜಿನ ಪಟ್ಟಿ ಎಳೆದೆ. ಆಮೇಲೆ ಡಬ್ಬಿ, ಕುಂಚ ತೊಳೆದೆ. ನೀರಿಗೆ ಬರ ಕಂಡ ನಮ್ಮ ಕಡೆಯವರು ಅಕ್ಕಿ ತೊಳೆದ ನೀರನ್ನೂ ಚೆಲ್ಲುವುದಿಲ್ಲ. ಕೈಯಲ್ಲಿ ನೀರಿದ್ದರೆ ಕಾಲು ತಾನಾಗಿ ಹತ್ತಿರದ ಗಿಡದ ಕಡೆ ತಿರುಗುತ್ತದೆ. ನನ್ನದೂ ತಿರುಗಿತು. ಡಬ್ಬಿ ತೊಳೆದ ನೀರನ್ನು ಒಂದು ಹನಿಯೂ ಹಾಳಾಗದಂತೆ ಊಟಿ ಗಿಡದ ಬುಡಕ್ಕೆ ಸುರಿದೆ. ಆಗ ನನ್ನ ಅಂಗಿಯ ಜೇಬಿನಲ್ಲಿ ಲಿಟ್ಮಸ್ ಕಾಗದದ ಕಟ್ಟು ಇತ್ತು.

ಸೋಕಬಾರದ ಸುಣ್ಣವನ್ನೇ ಎರೆದಿದ್ದೇನೆಂದು ಗೊತ್ತಾದದ್ದು ನಾಲ್ಕನೆಯ ದಿನ, ಎಲೆಗಳು ಹಳದಿ ತಿರುಗಿದಾಗ. ಬಿರಾದಾರ ಮಾಸ್ತರರು ನಿಂಬೆಹಣ್ಣಿನೊಂದಿಗೆ ಓಡಿಬಂದರು. ಗಂಗಾ ಒಂದು ಚರಿಗೆ ತುಂಬ ಮಜ್ಜಿಗೆ ಎರೆದಳು. ತುಳಸಿ ಲಗ್ನದ ಹೊತ್ತಿಗೆ ತುಳಸಿಯ ಪಕ್ಕದಲ್ಲಿ, ಬೆಳ್ಳನೆಯ ಕುಂಡದಲ್ಲಿ, ಒಂದು ಹಿಡಿ ಕಡ್ಡಿ ನಿಂತಿತ್ತು. ಪೂಜೆಗೆ ಬಂದ ಪಕ್ಕದ ಮನೆಯ ಅಜ್ಜಿ ಅದಕ್ಕೂ ಒಂದು ಚಿಟಿಕೆ ಅರಿಷಿಣ ಕುಂಕುಮ ಹಾಕಿ ಹೋದರು.

ಎಲ್ಲರೂ ಹೋದ ಮೇಲೆ ನಾನು ಕಟ್ಟೆಯ ಮುಂದೆ ಕೂತೆ. ನಿಜವಾಗಿ ದುಃಖವಾಗಿತ್ತು. ಗಂಗಾ ಆರತಿ ತಟ್ಟೆ ತೆಗೆಯಲು ಬಂದವಳು, "ಒಂದು ಗಿಡಕ್ಕ ಇಷ್ಟ್ಯಾಕ್ರಿ?" ಎಂದಳು. ಹೇಳಿಬಿಟ್ಟೆ. ಊಟಿಯಲ್ಲಿ ನೀನು ಈ ಗಿಡ ನೋಡುತ್ತ ಹಾಗೆ ನಿಂತಿದ್ದೆಯಲ್ಲ, ಆ ಮುಖ ಇನ್ನೊಮ್ಮೆ ನೋಡಬೇಕೆಂದೇ ಇಷ್ಟೆಲ್ಲ ಮಾಡಿದೆ ಎಂದೆ. ಅವಳು ತಟ್ಟೆ ಕೆಳಗಿಟ್ಟಳು. ನಗು ತಡೆಯಲು ನೋಡಿ, ಆಗದೆ ಸೆರಗು ಬಾಯಿಗೆ ಹಿಡಿದಳು.

"ನಾ ಎಲ್ಲಿ ಗಿಡ ನೋಡಾಕ ನಿಂತಿದ್ನಿರಿ? ಚಪ್ಪಲಿ ಹರಿದಿತ್ತು. ಸೀರಿ ಒಳಗ ಕಾಲಾಗ ಹಿಡಕೊಂಡು ನಿಂತಿದ್ನಿ. ನೀವು ಒಳಗ ಹೋದಾಗ ಬಳಿಯೊಳಗಿನ ಪಿನ್ನು ತಗದು ಚುಚ್ಚಿಕೊಂಡ್ನಿ."

ಮತ್ತೆ ಆ ಮುಖ? ಆ ನೆಮ್ಮದಿ? ನಾನು ಕೇಳಿದೆ. ಅವಳು ದೀಪದ ಬತ್ತಿ ಸರಿ ಮಾಡಿದಳು.

"ಲಗೂ ನಡಿ ಅಂತೀರಿ ಅಂತ ಹೆದರಿಕೊಂಡು ನಿಂತಿದ್ನಿ. ನೀವು ಅನ್ನಲಿಲ್ಲ. ನೀವೂ ನಿಂತ್ರಿ. ಲಗ್ನ ಆದಾಗಿಂದ ಅದ ಮೊದಲ ಸಲ ನೀವು ನಿಂತದ್ದು" ಎಂದಳು.

ಎರಡು ಚೀಲ ಮಣ್ಣು ತರಿಸಿದ್ದೆ. ಮಾಳಿಗೆಯ ಮೇಲೆ ಮಳೆಗೆ ಪಾತ್ರೆ ಇಟ್ಟಿದ್ದೆ. ಇಡೀ ಇಂಡಿಯ ನಿಂಬೆಹಣ್ಣು ಹಿಂಡಿದ್ದೆ. ಬೇಕಾಗಿದ್ದದ್ದು ಒಂದು ಗಳಿಗೆ ನಿಲ್ಲುವುದು.

ಮುಂದಿನ ರವಿವಾರ ಸಂತೆಗೆ ಹೊರಟೆವು. ಕಾಲಿಗೆ ಅಭ್ಯಾಸ ಬಿಡುವುದೇ, ಬಸ್‌ಸ್ಟ್ಯಾಂಡು ದಾಟುವಷ್ಟರಲ್ಲಿ ನಾನು ಹತ್ತು ಹೆಜ್ಜೆ ಮುಂದಿದ್ದೆ. "ಲಗೂ" ಎಂಬಷ್ಟು ಬಾಯಿಂದ ಹೊರಬಿದ್ದೇಬಿಟ್ಟಿತು. ಅಲ್ಲಿಗೇ ನುಂಗಿದೆ. ಗಾಡಿ, ಸೈಕಲ್ಲು, ಜನ ಎಲ್ಲ ಎರಡೂ ಕಡೆಯಿಂದ ಹಾಯುತ್ತಿರಲು, ನಡುದಾರಿಯಲ್ಲಿ ಕೈಚೀಲ ಹಿಡಿದು, ಹಿಂತಿರುಗಿ ಅವಳ ಮುಖ ನೋಡುತ್ತ ನಿಂತೆ. ಈ ಸಲ ಆ ನೆಮ್ಮದಿ ತಪ್ಪದೆ ಕಾಣುತ್ತದೆ ಎಂದು ಖಾತ್ರಿಯಿತ್ತು. ಗಂಗಾ ನಿಧಾನಕ್ಕೆ ನಡೆದು ಬಂದಳು. ಹತ್ತಿರ ಬಂದು, ಚಿಂತೆಯಿಂದ ಬಗ್ಗಿ ನನ್ನ ಕಾಲು ನೋಡಿದಳು. "ಯಾಕ್ರಿ ನಿಂತ್ರಿ?" ಎಂದಳು. "ನಿಮ್ಮ ಚಪ್ಪಲಿ ಹರೀತೇನು?" ಎನ್ನುತ್ತ ಬಳೆಯಿಂದ ಪಿನ್ನು ತೆಗೆದು ಕೊಟ್ಟಳು.