ಷಡ್ಡಕನ ಮುಂದೆ ಸಿಸಿಲಿಯನ್ ಡಿಫೆನ್ಸ್

ಮನುಷ್ಯನಿಗೆ ಶತ್ರುವೇ ಬೇಕೆಂದಿಲ್ಲ, ಷಡ್ಡಕ ಒಬ್ಬನಿದ್ದರೆ ಸಾಕು. ನನ್ನ ಹೆಂಡತಿಯ ತಂಗಿಯ ಗಂಡ, ತೀರ್ಥಹಳ್ಳಿಯ ರಮೇಶ, ಬಹಳ ಒಳ್ಳೆಯವನು, ತೊಂದರೆ ಅದೇ. ಸಾಗರದ ಮಾವನ ಮನೆಯಲ್ಲಿ ಮಿಕ್ಸಿ ಕೆಟ್ಟರೆ ಅವನು ರಿಪೇರಿ ಮಾಡುತ್ತಾನೆ. ನಾನು ಹೊಸನಗರದಿಂದ ಹೋಗಿ, ಮಿಕ್ಸಿ ಯಾಕೆ ಕೆಟ್ಟಿತೆಂದು ವಿವರಿಸುತ್ತೇನೆ. ಮಾವನಿಗೆ ಯಾರ ಮೇಲೆ ಪ್ರೀತಿ ಜಾಸ್ತಿ ಎಂದು ಬೇರೆ ಹೇಳಬೇಕೆ?

ಇಂಥ ಮಾವನಿಗೆ ಈಚೆಗೆ ಚೆಸ್ಸಿನ ಹುಚ್ಚು ಹಿಡಿಯಿತು. "ಯುಗಾದಿಗೆ ಬಂದಾಗ ಅಳಿಯಂದಿರಿಬ್ರೂ ಆಡಿ, ನಾನು ನೋಡ್ತೀನಿ" ಎಂದು ಫೋನ್ ಮಾಡಿದರು. ನನಗೆ ಯಾವ ಕಾಯಿ ಹೇಗೆ ನಡೆಯುತ್ತದೆಂದು ಗೊತ್ತಿತ್ತು, ಅಷ್ಟೇ. ಆದರೆ ಅಷ್ಟರಲ್ಲೇ ಗೆದ್ದರೆ ಏನು ಗೌರವ? ಮೊಬೈಲಿನಲ್ಲಿ ವಿಡಿಯೊ ಹಾಕಿಕೊಂಡು ಸಿಸಿಲಿಯನ್ ಡಿಫೆನ್ಸ್ ಎಂಬ ಘನವಾದ ಓಪನಿಂಗ್, ಅಂದರೆ ಆಟ ಶುರುಮಾಡುವ ನಡೆಗಳ ಕ್ರಮ, ಕಲಿಯಲು ಕೂತೆ. ಅದರಲ್ಲೂ ಡ್ರ್ಯಾಗನ್ ಎಂಬ ಕವಲು. ಹೆಸರಿಗೇ ರಮೇಶ ಬೆವರಬೇಕು! ಬಚ್ಚಲಲ್ಲೂ ನಡೆಗಳ ಬಾಯಿಪಾಠ ನಡೆಯಿತು. ಹೆಂಡತಿ ಸುಜಾತ ಹೊರಗಿನಿಂದ, "ಎಂಥ ಮಂತ್ರ ಅದು? ಜ್ಯೋತಿಷಿ ಹತ್ರ ಏನಾದ್ರೂ ಹೋಗಿದ್ರಾ?" ಎಂದು ಕೂಗಿದಳು.

ಹಬ್ಬದ ಹೋಳಿಗೆ ಊಟ ಮುಗಿಯಿತು. ಮಾವ ಚೆಸ್ ಮಣೆಯ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡರು. ನನ್ನದು ಕಪ್ಪು ಕಾಯಿ. ಬಿಳಿಯವನು ರಾಜನ ಮುಂದಿನ ಸಿಪಾಯಿಯನ್ನು ನೂಕಿದರೆ ಮಾತ್ರ ಸಿಸಿಲಿಯನ್ ಶುರುವಾಗುವುದು. ರಮೇಶ ಮೂಲೆಯ ಸಿಪಾಯಿಯನ್ನು ನೂಕಿದ.

"ಅದನ್ನ ನೂಕಬಾರದು" ಎಂದೆ.

"ಯಾಕೆ ಭಾವ, ತಪ್ಪಾ?"

"ತಪ್ಪಲ್ಲ. ಆದ್ರೆ ಸಿಸಿಲಿಯನ್ ಆಗಲ್ಲ."

"ನಂಗೆ ಸಿಸಿಲಿಯನ್ ಬೇಡ ಭಾವ" ಎಂದ, ಇನ್ನೊಂದು ಹೋಳಿಗೆ ಬೇಡ ಎನ್ನುವಷ್ಟೇ ವಿನಯದಿಂದ.

ಕಷ್ಟಪಟ್ಟು ಕಲಿತದ್ದನ್ನು ಬಿಡಲುಂಟೇ? ಅವನು ಏನು ಆಡಿದನೆಂದು ನೋಡದೆ ನಾನು ನನ್ನ ಪಾಠ ಒಪ್ಪಿಸುತ್ತಾ ಹೋದೆ. ನನ್ನ ಡ್ರ್ಯಾಗನ್ ಇನ್ನೂ ರೆಕ್ಕೆ ಬಿಚ್ಚುತ್ತಿರುವಾಗಲೇ ಅವನ ಕುದುರೆ ಬಂದು ಮಂತ್ರಿಯನ್ನು ಹೊಡೆಯಿತು. "ಅಯ್ಯೋ, ಮಂತ್ರಿ ಹೋಯ್ತಲ್ಲ!" ಎಂದು ಮಾವ ನಿಟ್ಟುಸಿರುಬಿಟ್ಟರು. ಸ್ವಲ್ಪ ಹೊತ್ತಿಗೆ ರಾಜನೂ ಹೋದ.

ನಾನು ಧೃತಿಗೆಡಲಿಲ್ಲ. "ನೋಡಿ ಮಾವ, ಹೊಸಬರು ಇಂಥ ದೊಡ್ಡ ಓಪನಿಂಗ್ ಕಲೀಲೇಬಾರದು. ಇದ್ದ ಬುದ್ಧಿನೂ ಮಂಕಾಗ್ತದೆ" ಎಂದು ಭಾಷಣ ಬಿಗಿದೆ. ಮಾವನಿಗೆ ಮಾತು ಹಿಡಿಸಿತು. "ಸರಿ ಹಾಗಾದ್ರೆ. ಅದೆಲ್ಲ ಮರೆತು, ಬರೀ ಸ್ವಂತ ಬುದ್ಧಿಯಿಂದ ಇನ್ನೊಂದಾಟ ಆಡಿ" ಎಂದರು.

ಆಡಿದೆ. ಈ ಸಲ ಮೊದಲಿಗಿಂತ ಬೇಗ ಸೋತೆ.

ಸಿಸಿಲಿ ಎನ್ನುವುದು ಎಲ್ಲೋ ಸಮುದ್ರದಾಚೆಯ ದ್ವೀಪವಂತೆ. ಹೊಸಬರು ಓಪನಿಂಗ್ ಕಲಿಯಬೇಕೆಂದೇ ಈಗ ನನ್ನ ಅಭಿಪ್ರಾಯ. ಸೋತಾಗ ಬೈಯಲು ಅಷ್ಟು ದೂರದ್ದೊಂದು ಇರಬೇಕು. ಇಲ್ಲವಾದರೆ ತೀರ ಹತ್ತಿರದವನನ್ನೇ, ಕನ್ನಡಿಯಲ್ಲಿ ಕಾಣುವವನನ್ನೇ, ಬೈದುಕೊಳ್ಳಬೇಕಾಗುತ್ತದೆ.